ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಸಾಂಕೋಲೆಯ ದಿಣ್ಣೆಯ ಮೇಲೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರವೊಂದನ್ನು ನಾನು ಬಹುಕಾಲ ನಡೆಸಿದೆ. ಸಾಮಾನು ಸಾಗಿಸಲು ನನ್ನಲ್ಲಿದ್ದುದು ಒಂದು ಹಳೆಯ ಡೀಸೆಲ್ ಪಿಕಪ್: ನಾಲ್ಕು ಸಿಲಿಂಡರ್, ಕೈಯಿಂದ ಬದಲಿಸುವ ಐದು ಗೇರು, ಹನ್ನೊಂದು ವರ್ಷಗಳ ದುಡಿಮೆ. ಆ ವಾಹನಕ್ಕೆ ಒಮ್ಮೆ ನಡುಕ ಹಿಡಿಯಿತು. ನಡುಕದ ಕಾರಣವನ್ನು ಹುಡುಕಲು ಹೊರಟ ನಾನು ದಾರಿಯಲ್ಲಿ ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದೆ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಗ್ಯಾರೇಜಿನ ಮಾತೇಕೆ ಎಂದು ಸಂಘದ ಬಂಧುಗಳು ಕೇಳಬಹುದು. ಕಾರಣ ಯಾವುದು, ತಪ್ಪು ಯಾರದು, ಮೊದಲನೆಯ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ಎರಡನೆಯದಕ್ಕೆ ಉತ್ತರ ಹೇಳುವ ಹಕ್ಕು ನಮಗಿದೆಯೇ ಎಂಬ ಜಿಜ್ಞಾಸೆ ನನಗೆ ಹುಟ್ಟಿದ್ದು ಆ ವಾಹನದ ಅಡಿಯಲ್ಲಿ ಅಂಗಾತ ಮಲಗಿದ್ದ ಹೊತ್ತಿನಲ್ಲಿ. ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಹೊಸ ಜುವಾರಿ ಸೇತುವೆ ಆಗಿನ್ನೂ ಕಟ್ಟುವ ಹಂತದಲ್ಲಿತ್ತು. 2022ರ ಡಿಸೆಂಬರಿನಲ್ಲಿ ಅದರ ಮೊದಲ ಭಾಗ ತೆರೆಯುವವರೆಗೂ 1983ರ ಹಳೆಯ ಸೇತುವೆಯೇ ಹೆದ್ದಾರಿಯ ಸಂಚಾರವನ್ನು ಹೊರಬೇಕಾಗಿತ್ತು. ಸಂಜೆಯ ಹೊತ್ತು ಕುಠ್ಠಾಳಿಯಲ್ಲಿ ಸಿಕ್ಕಿಕೊಂಡವರಿಗೆ ಆ ಅನುಭವವನ್ನು ವಿವರಿಸಬೇಕಾಗಿಲ್ಲ. ಮೊದಲ ಗೇರು, ಅರ್ಧ ಕ್ಲಚ್ಚು, ಹತ್ತು ಮಾರು ಮುಂದೆ, ಮತ್ತೆ ಬ್ರೇಕು. ಅಲ್ಲಿಂದ ಬಿಡಿಸಿಕೊಂಡು ಜುವಾರಿನಗರದ ಏರಿಗೆ ಬಂದಾಗ ನಮ್ಮ ಪಿಕಪ್ ಮೈಯೆಲ್ಲ ಒದರತೊಡಗಿತು. ಮೊದಲ ಗೇರಿನಲ್ಲಿ ಕ್ಲಚ್ಚು ಬಿಡುತ್ತಿದ್ದಂತೆ ಸ್ಟೇರಿಂಗು, ಕನ್ನಡಿ, ಆಸನ ಎಲ್ಲವೂ ನಡುಗಿ, ಹಿಂದೆ ಪೇರಿಸಿದ ಹಂಡೆ ಬೋಗುಣಿಗಳು ಒಟ್ಟಿಗೆ ಗಲಗಲ ಎನ್ನುತ್ತಿದ್ದವು. ಒಮ್ಮೆ ವೇಗ ಹಿಡಿದರೆ ಏನೂ ಇಲ್ಲ. ಮುಂದಿನ ಏರು, ಮುಂದಿನ ನಿಲುಗಡೆ ಬಂದಾಗ ಮತ್ತೆ ಅದೇ.

ಚಾಲಕ ಇಪ್ಪತ್ತಮೂರು ವರ್ಷದ ಹುಡುಗ, ಬಾದಾಮಿ ಕಡೆಯವನು. ನನ್ನಂತೆಯೇ ಕೆಲಸ ಹುಡುಕಿಕೊಂಡು ಘಟ್ಟ ಇಳಿದು ಬಂದವನು. ನನಗಿಂತ ಮೂವತ್ತು ವರ್ಷ ತಡವಾಗಿ ಬಂದ, ಅಷ್ಟೆ. ವಾಹನವನ್ನು ಹತ್ತಿರದ ಗ್ಯಾರೇಜಿಗೆ ಒಯ್ದೆವು. ಅಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಅದು ಕಪ್ಪಾಗಿ, ಹೊಳಪು ಬಂದು, ಒಂದೆರಡು ಕಡೆ ಸೀಳಿತ್ತು. “ಡ್ರೈವರ್ ಕ್ಲಚ್ ಮ್ಯಾಲ ಕಾಲಿಟ್ಟು ಹೊಡದಾನ್ರಿ, ಸುಟ್ಟು ಹೋಗೈತಿ” ಎಂದರು. ಸಾಕ್ಷ್ಯ ಕೈಯಲ್ಲಿತ್ತು, ಆರೋಪಿ ಎದುರಿಗೆ ನಿಂತಿದ್ದ. “ಇಲ್ರಿ ಸಾವ್ಕಾರ್ರ, ನಾ ಹಂಗ ಹೊಡಿಯಂಗಿಲ್ರಿ” ಎಂದು ಅವನು ಅಂದದ್ದು ಆರೋಪಿಗಳೆಲ್ಲ ಅನ್ನುವ ಮಾತಿನಂತೆ ಕೇಳಿಸಿತು. ಹೊಸ ಪ್ಲೇಟು, ಪ್ರೆಷರ್ ಪ್ಲೇಟು, ಕೂಲಿ ಸೇರಿ ಒಂಬತ್ತು ಸಾವಿರ ರೂಪಾಯಿ ಆಯಿತು. ಅದರಲ್ಲಿ ಅರ್ಧವನ್ನು ತಿಂಗಳಿಗೆ ಒಂದೂವರೆ ಸಾವಿರದಂತೆ ಅವನ ಪಗಾರದಿಂದ ಮುರಿದುಕೊಳ್ಳುವುದೆಂದು ನಾನು ತೀರ್ಮಾನಿಸಿದೆ. ಅರ್ಧ ಮಾತ್ರವೆಂಬುದನ್ನು ಆಗ ನನ್ನ ಔದಾರ್ಯವೆಂದೇ ಭಾವಿಸಿದ್ದೆ. ಆ ದಿನ ಗ್ಯಾರೇಜಿನಲ್ಲಿ ಇನ್ನೊಂದು ಮಾತೂ ನಡೆದಿತ್ತು. ಅದು ಆಗ ನನಗೆ ಮುಖ್ಯವೆನಿಸಿರಲಿಲ್ಲವಾದ್ದರಿಂದ ಅದರ ಸರದಿ ಬಂದಾಗ ಹೇಳುತ್ತೇನೆ.

ಎರಡು ತಿಂಗಳು ಕಳೆದ ಮೇಲೆ ಹುಡುಗ ಕೆಲಸ ಬಿಟ್ಟ. ಜಗಳವೇನೂ ಆಗಲಿಲ್ಲ, ಕೀಲಿಯನ್ನು ಮೇಜಿನ ಮೇಲಿಟ್ಟು “ಬರ್ತೀನ್ರಿ” ಎಂದು ಹೊರಟುಹೋದ. ಅವನ ಜಾಗಕ್ಕೆ ಲಾರಿ ನಡೆಸಿ ಪಳಗಿದ ಹಿರಿಯರೊಬ್ಬರನ್ನು ಇಟ್ಟುಕೊಂಡೆ. ಮರುತಿಂಗಳು ಅದೇ ಏರಿನಲ್ಲಿ, ಅದೇ ಮೊದಲ ಗೇರಿನಲ್ಲಿ, ಅದೇ ನಡುಕ ಹಿಂತಿರುಗಿತು. ಚಾಲಕ ಹೋಗಿದ್ದ, ಹಳೆಯ ಪ್ಲೇಟು ಹೋಗಿತ್ತು; ನಡುಕ ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ.

ಈ ಸಲ ನಾನು ಹೋದದ್ದು ವಾಸ್ಕೋ ಕಡೆಯ ಒಬ್ಬ ವೃದ್ಧ ಮಿಸ್ತ್ರಿಯವರ ಬಳಿಗೆ. ಹುಬ್ಬಳ್ಳಿಯವರು, ಒಂದು ಕಾಲಕ್ಕೆ ಬಸ್ ಡಿಪೋದಲ್ಲಿ ದುಡಿದವರು. ಅವರು ಪಾನಾ ಕೈಗೆತ್ತಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಏನಾಗಿದೆ ಎಂದು ಕೇಳಿದರು. “ಮತ್ತ ಕ್ಲಚ್ ಹೋಗೈತ್ರಿ” ಎಂದೆ. ಅವರು ಕೈಯಾಡಿಸಿ, “ಅದು ನಿಮಗ ಯಾರೋ ಹೇಳಿದ್ದು. ನೀವು ಕಂಡಿದ್ದು ಹೇಳ್ರಿ” ಎಂದರು. ಯಾವ ಗೇರಿನಲ್ಲಿ? ನಿಂತಾಗಲೋ, ಓಡುವಾಗಲೋ? ಎಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ? ಭಾರವಿದ್ದಾಗ ಹೆಚ್ಚೋ? ಕ್ಲಚ್ಚು ಒತ್ತಿದಾಗಲೋ, ಬಿಡುವಾಗಲೋ, ಪೂರ್ತಿ ಬಿಟ್ಟ ಮೇಲೋ? ಹತ್ತು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬನ ಸಂಬಳ ಕತ್ತರಿಸುವಷ್ಟು ನಿಶ್ಚಯವಾಗಿ ತಿಳಿದಿದ್ದ ವಿಷಯವೊಂದರ ಬಗ್ಗೆ ನನಗೆ ಎಷ್ಟು ಕಡಿಮೆ ತಿಳಿದಿತ್ತೆಂಬುದು ಅಂದೇ ಮೊದಲ ಬಾರಿಗೆ ನನಗೆ ಗೊತ್ತಾಯಿತು.

ಬಳಿಕ ಪರೀಕ್ಷೆ ಆರಂಭವಾಯಿತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ; ಹಳೆಯ ವಾಹನವುಳ್ಳ ಬಂಧುಗಳಿಗೆ ಉಪಯೋಗವಾದೀತು.

ಮೊದಲು ವಾಹನವನ್ನು ನಿಲ್ಲಿಸಿಯೇ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನಿನ ವೇಗವನ್ನು ಮೆಲ್ಲಮೆಲ್ಲನೆ ಏರಿಸಿದರು. ಒಂದು ಅಂಗೈ ಸ್ಟೇರಿಂಗಿನ ಮೇಲೆ, ಇನ್ನೊಂದು ಬಾಗಿಲಿನ ಮೇಲೆ. ನಿಂತಲ್ಲೇ ನಡುಕವಿದ್ದರೆ ಅದು ಎಂಜಿನ್ನಿನದೋ ಅದನ್ನು ಹೊತ್ತ ರಬ್ಬರುಗಳದೋ ಆಗಿರುತ್ತದೆ. ಚಕ್ರಗಳಿಗೆ ಅಲ್ಲಿ ಪಾಲಿಲ್ಲ. ಸಣ್ಣಗೆ ಅದಿರುವುದು ನನ್ನ ಕೈಗೂ ತಿಳಿಯಿತು. ಅದನ್ನು ತೋರಿಸಿದಾಗ ಮಿಸ್ತ್ರಿಯವರು ನಕ್ಕರು: “ಇದು ಅದರ ಉಸಿರು. ಇದು ಇಲ್ಲಂದ್ರ ಎಂಜಿನ್ ಬಂದ್ ಆಗೈತಿ ಅಂತ ಅರ್ಥ.” ಆ ಮಾತಿನ ಹಿಂದಿನ ಲೆಕ್ಕವನ್ನು ಮುಂದೆ ಓದಿ ತಿಳಿದುಕೊಂಡೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಸಲ ಅದರೊಳಗೆ ಇಂಧನ ಉರಿಯುತ್ತದೆ. ಅಂದರೆ 25 ಗುದ್ದು. ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ, ಆದ್ದರಿಂದ ಪರಸ್ಪರ ಸರಿದೂಗಬೇಕೆಂದು ತೋರುತ್ತದೆ. ಆದರೆ ಕನೆಕ್ಟಿಂಗ್ ರಾಡು ಓರೆಯಾಗುವುದರಿಂದ ಪಿಸ್ಟನ್ನಿನ ಚಲನೆ ಮೇಲರ್ಧದಲ್ಲಿ ಒಂದು ಬಗೆ, ಕೆಳಗರ್ಧದಲ್ಲಿ ಇನ್ನೊಂದು ಬಗೆ. ಹೀಗಾಗಿ ಪ್ರತಿ ಸುತ್ತಿಗೆ ಎರಡು ಬಾರಿ ಒಂದಿಷ್ಟು ಬಲ ಲೆಕ್ಕ ತೀರದೆ ಉಳಿದುಬಿಡುತ್ತದೆ. ಅದನ್ನು ಅಡಗಿಸಲು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಎಂಜಿನ್ನಿನ ಎರಡರಷ್ಟು ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ತಿರುಗುವ ಎರಡು ತೂಕದ ದಂಡಗಳನ್ನು ಯೋಜಿಸಿದ್ದರು. ನನ್ನ ಪಿಕಪ್ಪಿನಂಥ ದುಡಿಯುವ ವಾಹನಕ್ಕೆ ಆ ವೈಭೋಗವಿಲ್ಲ. ಅದಕ್ಕೆ ಇರುವುದು ರಬ್ಬರು ಮಾತ್ರ. ನಮ್ಮ ಆಯುರ್ವೇದ ಪ್ರಕೃತಿ ಮತ್ತು ವಿಕೃತಿ ಎಂದು ಎರಡನ್ನು ಬೇರ್ಪಡಿಸುತ್ತದೆಯಲ್ಲವೆ, ರೋಗ ಯಾವುದೆಂದು ಕೇಳುವ ಮುನ್ನ ಸ್ವಭಾವ ಯಾವುದೆಂದು ತಿಳಿದಿರಬೇಕು.

ಎರಡನೆಯದು ಹಳೆಯ ಕಾಲದ ಪರೀಕ್ಷೆ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲಿನ ಪೈಪಿನ ನಟ್ಟನ್ನು ತುಸು ಸಡಿಲಿಸಿ ಆ ಸಿಲಿಂಡರಿಗೆ ಇಂಧನ ತಪ್ಪಿಸುವುದು. ಸಡಿಲಿಸಿದಾಗ ಎಂಜಿನ್ ಮುಗ್ಗರಿಸಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದರೆ ಅದೇ ಸೋಮಾರಿ. ನಾಲ್ಕೂ ಒಂದೇ ಸಮನೆ ದುಡಿಯುತ್ತಿದ್ದವು. (ಇದನ್ನು ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನಿಗೆ, ಅದೂ ಬಲ್ಲವರು ಮಾತ್ರ ಮಾಡಬೇಕು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡ ಸಾವಿರ ಬಾರ್‌ಗೂ ಮೀರಿರುತ್ತದೆ. ಸಡಿಲಾದ ನಟ್ಟಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ.)

ಮೂರನೆಯದಾಗಿ, ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರು. ಗಂಟೆಗೆ 60 ಕಿಲೋಮೀಟರು, ನಾಲ್ಕನೆಯ ಗೇರು. ಅದೇ ವೇಗ, ಐದನೆಯ ಗೇರು. ಆಮೇಲೆ ಸಮತಟ್ಟಾದ ಜಾಗದಲ್ಲಿ ಎಂಜಿನ್ ಓಡುತ್ತಿರುವಂತೆಯೇ ಕ್ಷಣಕಾಲ ನ್ಯೂಟ್ರಲ್. ವಾಹನದ ವೇಗ ಒಂದೇ ಇದ್ದು ಎಂಜಿನ್ನಿನ ವೇಗ ಬದಲಾದಾಗ ನಡುಕವೂ ಬದಲಾದರೆ ದೋಷ ಎಂಜಿನ್ನಿನ ಕಡೆಗೆ. ಗೇರು ಯಾವುದಿದ್ದರೂ ನಡುಕ ಬದಲಾಗದಿದ್ದರೆ ದೋಷ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಕಡೆಗೆ. ನಮ್ಮ ವಾಹನದಲ್ಲಿ ಆ ವೇಗದಲ್ಲಿ ನಡುಕವೇ ಇರಲಿಲ್ಲ. ಚಕ್ರಗಳು ಬಿಡುಗಡೆಯಾದವು, ಶಾಫ್ಟಿನ ಕ್ರಾಸುಗಳೂ ಬಿಡುಗಡೆಯಾದವು. ಕೊನೆಗೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿದಾಗ ಮಾತ್ರ, ಕ್ಲಚ್ಚು ಹಿಡಿಯುವ ಆ ಮೂರು ನಾಲ್ಕು ಸೆಕೆಂಡು, ಎಲ್ಲವೂ ಒದರಿತು.

ನಾನು ಗೆದ್ದವನಂತೆ “ಹಂಗಾರ ಕ್ಲಚ್ಚೇ ಅಲ್ರಿ?” ಎಂದೆ. “ಕ್ಲಚ್ ಹತ್ರ ನಡುಗ್ತೈತಿ. ನಡುಗಸವ್ರು ಯಾರು ನೋಡೂಣು” ಎಂದರು.

ಅವರ ಜೊತೆ ನಾನೂ ಕೆಳಗೆ ತೂರಿದೆ. ಟಾರ್ಚಿನ ಬೆಳಕಿನಲ್ಲಿ ಗೇರ್‌ಬಾಕ್ಸನ್ನು ಹೊತ್ತ ಹಿಂದಿನ ಮೌಂಟಿಂಗ್ ರಬ್ಬರು ಕಾಣಿಸಿತು. ಟಾಮಿ ಹಾಕಿ ಎತ್ತಿದಾಗ ಅದು ಬೆರಳಗಲ ಬಾಯಿ ಬಿಟ್ಟಿತು. ರಬ್ಬರು ಉಬ್ಬಿ, ಮೆತ್ತಗಾಗಿ, ಕಬ್ಬಿಣದಿಂದ ಕಿತ್ತುಬಂದಿತ್ತು. ಸುತ್ತ ಒದ್ದೆ. ಮಿಸ್ತ್ರಿಯವರು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು. ಗೇರ್ ಎಣ್ಣೆಯಾಗಿದ್ದರೆ ಗಂಧಕದ ಘಾಟು ಇರುತ್ತದೆ. ಇದರಲ್ಲಿ ಅದಿರಲಿಲ್ಲ, ಎಂಜಿನ್ ಎಣ್ಣೆ. ಅದು ಬಂದದ್ದು ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲಿನಿಂದ. ಗೇರ್‌ಬಾಕ್ಸ್ ಇಳಿಸಿದಾಗ ಉಳಿದ ಕಥೆ ತಾನಾಗಿ ಬಿಚ್ಚಿಕೊಂಡಿತು. ಸೀಲು ಸೋರಿ, ಫ್ಲೈವೀಲಿನ ಮೇಲೆ ಸಿಡಿದ ಎಣ್ಣೆ ಪ್ಲೇಟಿಗೆ ಹತ್ತಿದ್ದರಿಂದ ಅದು ಒಮ್ಮೆ ಹಿಡಿದು ಒಮ್ಮೆ ಜಾರುತ್ತಿತ್ತು. ಅದೇ ಎಣ್ಣೆ ಕೆಳಗಿಳಿದು ರಬ್ಬರನ್ನು ಕೊಳೆಸಿತ್ತು. ಕಂಪನ ಹುಟ್ಟಿಸಿದ್ದೂ ಅದೇ, ಕಂಪನವನ್ನು ನುಂಗಬೇಕಾದ ರಬ್ಬರನ್ನು ಕೊಂದದ್ದೂ ಅದೇ. ಸುಟ್ಟ ಪ್ಲೇಟು ರೋಗದ ಗುರುತಾಗಿತ್ತೇ ಹೊರತು ಮೂಲವಾಗಿರಲಿಲ್ಲ.

ಆಗ ಮಿಸ್ತ್ರಿಯವರು ಕೇಳಿದರು: “ಹ್ವಾದ ಸಲ ಗೇರ್‌ಬಾಕ್ಸ್ ಇಳಿಸಿದಾಗನ ಈ ಸೀಲ್ ಕಣ್ಣಿಗೆ ಬಿದ್ದಿರಬೇಕಲ್ರಿ. ಯಾಕ ಬದಲಿ ಮಾಡ್ಲಿಲ್ಲ?”

ಹಿಂದೆ ಬಿಟ್ಟಿದ್ದ ಮಾತು ಇದು. ಆ ದಿನ ಗ್ಯಾರೇಜಿನವರು ಹೇಳಿದ್ದರು: “ಸೀಲ್ ಸ್ವಲ್ಪ ಒದ್ದಿ ಆಗೈತ್ರಿ, ಫ್ಲೈವೀಲ್ ಬಿಚ್ಚಿ ಹಾಕಬೇಕು, ಇನ್ನೊಂದು ದಿನ ಬೇಕು.” ಸೀಲಿನ ಬೆಲೆ ಕೆಲವು ನೂರು ರೂಪಾಯಿ. ಆದರೆ ಮರುದಿನ ಮದುವೆಯೊಂದಕ್ಕೆ ಸಾಮಾನು ಮುಟ್ಟಿಸಬೇಕಾಗಿತ್ತು. ‘ಮುಂದಿನ ಸಲ ನೋಡೋಣ’ ಎಂದವನು ನಾನು. ಅಂದರೆ ಕಾರಣದ ಜಾಡು ಪ್ಲೇಟನ್ನು ದಾಟಿ ಎಣ್ಣೆಗೆ, ಎಣ್ಣೆಯನ್ನು ದಾಟಿ ಸೀಲಿಗೆ, ಸೀಲಿನ ಮುಂದೆ ನನ್ನ ಅಂಗಡಿಯ ಮೇಜಿನವರೆಗೂ ಬರುತ್ತಿತ್ತು. ನಾನು ಅದನ್ನು ಕ್ಲಚ್ ಪೆಡಲಿನ ಹತ್ತಿರ, ಇನ್ನೊಬ್ಬನ ಕಾಲು ಸಿಕ್ಕ ಜಾಗದಲ್ಲಿ ನಿಲ್ಲಿಸಿಬಿಟ್ಟಿದ್ದೆ.

ಇದು ನನ್ನನ್ನು ಕಾಡಿದ ಪ್ರಶ್ನೆ. ಪ್ರತಿ ಕಾರಣದ ಹಿಂದೆ ಇನ್ನೊಂದು ಕಾರಣವಿರುತ್ತದೆ. ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ವಾಹನ ರಸ್ತೆಗಿಳಿಯುವುದೇ ಇಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾವು ತಾಂತ್ರಿಕ ವಿಷಯವೆಂದು ತಿಳಿಯುತ್ತೇವೆ. ನನಗೀಗ ತೋರುವುದೇನೆಂದರೆ, ಬಹುಮಟ್ಟಿಗೆ ಅದು ಶೀಲದ ವಿಷಯ. ಹುಡುಕಾಟವನ್ನು ನಾವು ನಿಲ್ಲಿಸುವುದು ಸತ್ಯ ಸಿಕ್ಕ ಜಾಗದಲ್ಲಲ್ಲ, ನಮಗೆ ಅನುಕೂಲವಾದ ಜಾಗದಲ್ಲಿ. ಅನುಕೂಲವಾದ ಜಾಗವೆಂದರೆ ನಮಗಿಂತ ದುರ್ಬಲನಾದ ಒಬ್ಬ ನಿಂತಿರುವ ಜಾಗ.

ನಮ್ಮ ತರ್ಕಶಾಸ್ತ್ರಜ್ಞರು ಕಾರಣದ ಲಕ್ಷಣವನ್ನು ಹೇಳುವಾಗ ಒಂದು ಕತ್ತೆಯನ್ನು ತರುತ್ತಾರೆ. ಕುಂಬಾರ ಮಡಕೆ ಮಾಡುವ ಮುನ್ನ ಕತ್ತೆ ಮಣ್ಣು ಹೊತ್ತು ತಂದಿತು. ಮಡಕೆಗಿಂತ ಮೊದಲು ಕತ್ತೆ ಅಲ್ಲಿತ್ತು, ನಿಜ. ಹಾಗೆಂದು ಕತ್ತೆಯನ್ನು ಮಡಕೆಗೆ ಕಾರಣವೆನ್ನಲಾಗದು, ಏಕೆಂದರೆ ಮಣ್ಣು ಬೇರೆ ಯಾವ ಬಗೆಯಲ್ಲಿ ಬಂದಿದ್ದರೂ ಮಡಕೆ ಆಗುತ್ತಿತ್ತು. ಇಂಥದನ್ನು ಅವರು ಅನ್ಯಥಾಸಿದ್ಧ ಎಂದು ಕರೆದು ಬದಿಗಿಡುತ್ತಾರೆ. ಜೊತೆಗೆ ಅನ್ವಯ, ವ್ಯತಿರೇಕ ಎಂಬ ಎರಡು ಒರೆಗಲ್ಲುಗಳನ್ನು ಕೊಡುತ್ತಾರೆ: ಅದಿದ್ದಾಗ ಇದು ಇರಬೇಕು, ಅದಿಲ್ಲದಾಗ ಇದೂ ಇರಬಾರದು. ಮಿಸ್ತ್ರಿಯವರು ನಾಜಲಿನ ನಟ್ಟು ಸಡಿಲಿಸಿ ನೋಡಿದ್ದು ವ್ಯತಿರೇಕವನ್ನೇ. ನಾನು ಮೊದಲ ಒರೆಗಲ್ಲಿಗೇ ತೃಪ್ತನಾಗಿದ್ದೆ, ಹುಡುಗನಿದ್ದಾನೆ, ನಡುಕವಿದೆ. ಹುಡುಗನಿಲ್ಲದಾಗಲೂ ನಡುಕ ಬಂದ ದಿನ ಎರಡನೆಯ ಒರೆಗಲ್ಲು ತಾನಾಗಿ ನನ್ನ ಎದುರಿಗೆ ಬಂದು ಬಿತ್ತು. ತರ್ಕಶಾಸ್ತ್ರವನ್ನು ಒಣ ವಿದ್ಯೆ ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು: ಕತ್ತೆಯನ್ನು ಕಾರಣದ ಪಟ್ಟಿಯಿಂದ ಹೊರಗಿಟ್ಟವರು ಕತ್ತೆಗೆ ಒಂದು ನ್ಯಾಯವನ್ನೂ ದೊರಕಿಸಿಕೊಟ್ಟರು.

ಗಾದೆಯೂ ಇದನ್ನೇ ಇನ್ನಷ್ಟು ಖಾರವಾಗಿ ಹೇಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಹಳ್ಳಿಗಳಲ್ಲಿ ದನಕರುಗಳಿಗೆ ಕಾದ ಕಬ್ಬಿಣದ ಬರೆ ಹಾಕುತ್ತಿದ್ದುದು ಚಿಕಿತ್ಸೆಯೆಂದೇ. ಆದರೆ ಅದೇ ಬರೆ ಶಿಕ್ಷೆಗೂ ಹೆಸರು. ಗಾದೆಯ ಎಮ್ಮೆಗೆ ಸಿಕ್ಕಿದ್ದು ಇವೆರಡರಲ್ಲಿ ಯಾವುದು? ಬರೆ ಎಳೆದವನಿಗೂ ಗೊತ್ತಿರಲಾರದು. ನಾನು ಪಗಾರ ಮುರಿದುಕೊಂಡದ್ದೂ ಹಾಗೆಯೇ. ಹೀಗೆ ಮಾಡಿದರೆ ಗಾಡಿ ಸರಿಹೋದೀತು, ಹುಡುಗ ಮುಂದೆ ಎಚ್ಚರದಿಂದಿದ್ದಾನು ಎಂದು ಚಿಕಿತ್ಸೆಯ ಮಾತಿನಲ್ಲಿ ಶಿಕ್ಷೆಯನ್ನು ಸುತ್ತಿ ಕೊಟ್ಟೆ. ಚಿಕಿತ್ಸೆಗೆ ಕಾರಣ ಗೊತ್ತಿರಬೇಕು. ಶಿಕ್ಷೆಗೆ ಅಪರಾಧ ಗೊತ್ತಿರಬೇಕು. ಎರಡನ್ನೂ ಬೆರೆಸಿದರೆ ಯಾವುದೂ ಗೊತ್ತಿರಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಒಮ್ಮೊಮ್ಮೆ ಪೈಲಟ್ಟು ರೆಕ್ಕೆಯ ಫ್ಲ್ಯಾಪುಗಳ ಬದಲು ಚಕ್ರಗಳನ್ನೇ ಒಳಗೆಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಪೈಲಟ್ಟಿನ ತಪ್ಪು ಎಂದು ಬರೆದುಕೊಳ್ಳುವುದು ಸುಲಭವಾಗಿತ್ತು. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಾಲಕನ ಆಸನದಲ್ಲಿ ಏನಿದೆಯೆಂದು ನೋಡಿದ. ಎರಡು ಹಿಡಿಕೆಗಳೂ ಅಕ್ಕಪಕ್ಕದಲ್ಲಿದ್ದವು, ನೋಡಲು ಒಂದೇ ತೆರನಾಗಿದ್ದವು. ಒಂದಕ್ಕೆ ಪುಟ್ಟ ರಬ್ಬರಿನ ಚಕ್ರ, ಇನ್ನೊಂದಕ್ಕೆ ರೆಕ್ಕೆಯಂತೆ ಬೆಣೆಯಾಕಾರದ ತುದಿ ಅಂಟಿಸಿದ. ಕತ್ತಲಲ್ಲೂ ಕೈಗೆ ವ್ಯತ್ಯಾಸ ತಿಳಿಯತೊಡಗಿತು, ಆ ತಪ್ಪು ನಿಂತಿತು. ಪೈಲಟ್ಟುಗಳು ಅವರೇ. ಅವರಲ್ಲಿ ಯಾರನ್ನೂ ಬೈಯಬೇಕಾಗಿ ಬರಲಿಲ್ಲ.

ಇದನ್ನೆಲ್ಲ ಸಂಘದ ಒಬ್ಬ ಹಿರಿಯ ಸ್ನೇಹಿತರಲ್ಲಿ ಹೇಳಿಕೊಂಡಾಗ ಅವರು ಒಂದು ಆಕ್ಷೇಪವೆತ್ತಿದರು. ಹೀಗೆ ಕಾರಣದ ಹಿಂದೆ ಕಾರಣ ಎಂದು ಹೋಗುತ್ತಿದ್ದರೆ ಲೋಕದಲ್ಲಿ ಯಾರೂ ತಪ್ಪಿತಸ್ಥರೇ ಆಗುವುದಿಲ್ಲವಲ್ಲ. ನಿನ್ನ ಹುಡುಗನೂ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುತ್ತಿರಲಿಲ್ಲವೆ? ನಿಲ್ಲಿಸುತ್ತಿದ್ದ. ಕುಠ್ಠಾಳಿಯ ಸಾಲಿನಲ್ಲಿ ಏರುಮುಖವಾಗಿ ನಿಂತಾಗ ಹ್ಯಾಂಡ್‌ಬ್ರೇಕು ಎಳೆಯುವ ಬದಲು ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಿಸಿ ಹಿಡಿಯುವ ಅಭ್ಯಾಸ ಅವನಿಗಿತ್ತು. ನಾನೇ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಪ್ಲೇಟಿನ ಆಯುಷ್ಯವನ್ನು ಅದೂ ತುಸು ಕಡಿಮೆ ಮಾಡಿರಬೇಕು. ಅವನು ಪೂರ್ತಿ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷದಲ್ಲಿ ಸೀಲಿನ ರಬ್ಬರು ಗಡುಸಾಗುವುದಕ್ಕೆ ಯಾರೂ ಹೊಣೆಯಲ್ಲ ಎಂಬುದೂ ನಿಜ. ಆದರೆ ತಪ್ಪಿನ ಪಾಲು ಹಂಚುವ ಮುನ್ನ ಪಾಲುದಾರರೆಲ್ಲ ಹಾಜರಿರಬೇಕು. ನಾನು ಹಂಚಿದಾಗ ಒಬ್ಬನನ್ನು ಬಿಟ್ಟು ಉಳಿದವರಾರೂ ಪಂಕ್ತಿಯಲ್ಲಿ ಕುಳಿತಿರಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ದಾರಿಯೂ ಇದೆ, ಅದರ ಬಗ್ಗೆಯೂ ನನಗೆ ಪೂರ್ಣ ಸಮಾಧಾನವಿಲ್ಲ. 1956ರ ನವೆಂಬರಿನಲ್ಲಿ ಅರಿಯಲೂರಿನ ಬಳಿ ಮಳೆಯ ಪ್ರವಾಹಕ್ಕೆ ಸೇತುವೆ ಕುಸಿದು ರೈಲು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತಾಗ, ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮಳೆಯನ್ನು ಅವರು ಸುರಿಸಿರಲಿಲ್ಲ. ಕಾರಣದ ಸರಪಳಿಯನ್ನು ಇನ್ನೊಬ್ಬರ ಕೊರಳಿಗೆ ಹಾಕಲು ಸಾವಿರ ದಾರಿಗಳಿದ್ದಾಗ ತಮ್ಮ ಕೊರಳಿಗೆ ಹಾಕಿಕೊಂಡದ್ದು ದೊಡ್ಡ ಮಾತು. ಇಂದಿಗೂ ನಾವು ಆ ಪ್ರಸಂಗವನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ರಾಜೀನಾಮೆಯಿಂದ ಮುಂದಿನ ಸೇತುವೆ ಗಟ್ಟಿಯಾಗುವುದಿಲ್ಲ. ಎಲ್ಲ ತಪ್ಪೂ ನನ್ನದೇ ಎಂದುಬಿಡುವುದು ಕೂಡ ಕೆಲವೊಮ್ಮೆ ಹುಡುಕಾಟವನ್ನು ಬೇಗ ಮುಗಿಸುವ ಉಪಾಯವೇ. ನಾನು ಮಿಸ್ತ್ರಿಯವರೆದುರು “ನಂದ ತಪ್ಪು ಬಿಡ್ರಿ” ಎಂದು ನಿಟ್ಟುಸಿರಿಟ್ಟಾಗ ಅವರಿಗೆ ಅದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ. “ಬ್ರೀದರ್ ಪೈಪ್ ಕಟ್ಟಿಕೊಂಡೈತೇನ್ ನೋಡೂಣು ತಡೀರಿ. ಒಳಗ ಗಾಳಿ ತುಂಬಿದ್ರ ಹೊಸ ಸೀಲೂ ತಳ್ಳತೈತಿ” ಎಂದರು. ಪೈಪಿನಲ್ಲಿ ಹಳೆಯ ಎಣ್ಣೆಯ ಜಿಡ್ಡು ಅರ್ಧಕ್ಕೂ ಹೆಚ್ಚು ಕಟ್ಟಿಕೊಂಡಿತ್ತು. ನನ್ನ ಪಶ್ಚಾತ್ತಾಪದಲ್ಲೇ ನಿಂತಿದ್ದರೆ ಆ ಜಿಡ್ಡು ಅಲ್ಲೇ ಉಳಿಯುತ್ತಿತ್ತು.

ಇನ್ನೊಂದು ಮಾತು, ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿದ್ದೇನೆ. ಈ ನೆಲ ನಮಗೆ ಅನ್ನ ಕೊಟ್ಟಿದೆ; ಕೊಂಕಣಿ ಮಾತಾಡುವ ನೆರೆಹೊರೆಯವರು ನಮ್ಮ ಮಕ್ಕಳ ಮದುವೆಗಳಲ್ಲಿ ಮನೆಯವರಂತೆ ಓಡಾಡಿದ್ದಾರೆ. ಹಾಗಿದ್ದೂ ಎಲ್ಲೋ ಒಂದು ಕಳವಾದಾಗ, ಎಲ್ಲೋ ಕಸದ ರಾಶಿ ಬಿದ್ದಾಗ, ತನಿಖೆಗೆ ಮುನ್ನವೇ ಬೆರಳು ನಮ್ಮ ಬಸ್ತಿಗಳ ಕಡೆಗೆ ತಿರುಗಿದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ‘ಘಾಟಿ’ ಎಂಬ ಮಾತನ್ನು ಬೆನ್ನ ಹಿಂದೆ ಕೇಳಿಸಿಕೊಳ್ಳದ ಹಳಬರು ಕಡಿಮೆ. ಆ ನೋವನ್ನು ನಮ್ಮ ಸಭೆಗಳಲ್ಲಿ ಆವೇಶದಿಂದ ಹೇಳಿಕೊಂಡವರಲ್ಲಿ ನಾನೂ ಒಬ್ಬ. ನಡುಕ ಎಲ್ಲಿ ಕಾಣುತ್ತದೆಯೋ ಅಲ್ಲಿಯೇ ಹುಟ್ಟಿದೆ ಎಂದು ತಿಳಿಯುವುದು ಎಂಥ ಅನ್ಯಾಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸುಟ್ಟ ಪ್ಲೇಟು ಕೈಯಲ್ಲಿ ಹಿಡಿದ ದಿನ ಅದು ನೆನಪಿಗೆ ಬರಲಿಲ್ಲ. ಬೆರಳಿನ ತುದಿಯಲ್ಲಿದ್ದಾಗ ನೋಯುವ ನಾವು ಬೆರಳಿನ ಬುಡಕ್ಕೆ ಬಂದಾಗ ಬೇರೆಯೇ ಮನುಷ್ಯರಾಗುತ್ತೇವೇನೋ.

ಸೀಲು, ಮೌಂಟಿಂಗು, ಪ್ಲೇಟು ಮೂರನ್ನೂ ಬದಲಿಸಿದ ಮೇಲೆ ವಾಹನ ನಾಲ್ಕು ವರ್ಷ ತಕರಾರಿಲ್ಲದೆ ದುಡಿಯಿತು. ಹುಡುಗನ ಪಗಾರದಿಂದ ನಾನು ಮುರಿದುಕೊಂಡದ್ದು ಎರಡು ಕಂತು, ಮೂರು ಸಾವಿರ ರೂಪಾಯಿ. ಅದನ್ನು ಲಕೋಟೆಯಲ್ಲಿ ಹಾಕಿ ಅಂಗಡಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅವನು ವೆರ್ಣಾ ಕಡೆಯ ಯಾವುದೋ ಗಾಡಿಯ ಮೇಲಿದ್ದಾನೆಂದು ತಿಳಿದಿತ್ತು. ಹೋಗಿ ಕಾಣಬೇಕೆಂದುಕೊಳ್ಳುತ್ತಲೇ ಏಳೆಂಟು ತಿಂಗಳು ಕಳೆದವು. ಅದಕ್ಕೂ ಒಂದು ‘ಮುಂದಿನ ಸಲ’ ಅಂಟಿಕೊಂಡಿತ್ತು. ಕೊನೆಗೆ ಅವನೇ ಸಿಕ್ಕಿದ. ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವಕ್ಕೆ ಧ್ವನಿವರ್ಧಕದ ಪೆಟ್ಟಿಗೆಗಳನ್ನು ತಂದ ಟೆಂಪೋದ ಚಾಲಕನಾಗಿ ಬಂದಿದ್ದ.

ಮಗನನ್ನು ಅಂಗಡಿಗೆ ಓಡಿಸಿ ಲಕೋಟೆ ತರಿಸಿ ಕೊಟ್ಟೆ. ತಪ್ಪು ನಿನ್ನದಾಗಿರಲಿಲ್ಲ, ಆಯಿಲ್ ಸೀಲಿನದು ಎಂದೆ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಗೊತ್ತಿತ್ರಿ ಸಾವ್ಕಾರ್ರ. ಮುಂಜಾನಿ ಗಾಡಿ ತಗದ ಮ್ಯಾಲ ನೆಲದ ಮ್ಯಾಲ ಎಣ್ಣಿ ಕಲಿ ಇರ್ತಿತ್ತು. ನಿಮಗ ಎರಡ ಸಲ ಹೇಳಿದ್ನೆಲ್ರಿ.”

ಹೇಳಿದ್ದನೆ? ಅಂದಿನಿಂದ ಎಷ್ಟೋ ಬಾರಿ ನೆನಪು ಮಾಡಿಕೊಳ್ಳಲು ಯತ್ನಿಸಿದ್ದೇನೆ. ಗ್ಯಾರೇಜಿನವರು ಹೇಳಿದ ಮಾತು ಅಕ್ಷರಶಃ ನೆನಪಿದೆ, ಮಿಸ್ತ್ರಿಯವರ ಒಂದೊಂದು ಮಾತೂ ನೆನಪಿದೆ. ಅವನು ಹೇಳಿದ್ದು ನೆನಪಿಲ್ಲ. ಅವನು ಲಕೋಟೆಯನ್ನು ಎಣಿಸದೆ ಅಂಗಿಯ ಜೇಬಿಗೆ ಸೇರಿಸಿ, “ಈಗ ಗಾಡಿ ಚಲೋ ಓಡತೈತೇನ್ರಿ?” ಎಂದು ಕೇಳಿ, ಪೆಟ್ಟಿಗೆಗಳನ್ನು ಇಳಿಸಲು ಹೋದ.